ಬೆಳೆಯುವ ಮುಲಾಮು

ಬೂಟು ಹೊಲಿಯುವುದರಲ್ಲಿ ಅವರದು ಎತ್ತಿದ ಕೈ. ಯಾರ ಪಾದವೇ ಇರಲಿ, ಕಣ್ಣಳತೆಯಲ್ಲೇ ಸೈಜು ಹೇಳಿಬಿಡುತ್ತಿದ್ದರು. ಹಾಗಾಗಿ ಬೀದಿಯವರ ಬಾಯಲ್ಲಿ ಅವರು ಇಂಚುಪಟ್ಟಿ. ಆದರೆ ತಮ್ಮದೇ ಎಡಗಾಲಿನ ಹಿಮ್ಮಡಿಗೆ ಮೊಳೆ ಚುಚ್ಚಿದ್ದು ಇಂಚುಪಟ್ಟಿಗೆ ಗೊತ್ತೇ ಆಗಲಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿತ್ತು. ಗೊತ್ತಾಗುವ ಹೊತ್ತಿಗೆ ಗಾಯ ಹುಣ್ಣಾಗಿ, ಯಾವ ಮದ್ದಿಗೂ ಜಗ್ಗದೆ ಠಿಕಾಣಿ ಹೂಡಿತ್ತು.

ಡಾಕ್ಟರಮ್ಮ ಸತ್ತ ಚರ್ಮವನ್ನು ಕೆರೆದು ತೆಗೆದು ಒಂದು ಪುಟ್ಟ ಟ್ಯೂಬು ಕೊಟ್ಟರು. "ಇದರಲ್ಲಿ ಗ್ರೋತ್ ಫ್ಯಾಕ್ಟರ್ ಇದೆ. ತೆಳ್ಳಗೆ ಹಚ್ಚಿ, ಬೆಳೆಯುತ್ತೆ" ಎನ್ನುವಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಯಾರೋ ಕಿಟಾರನೆ ಕಿರುಚಿದರು. ಡಾಕ್ಟರಮ್ಮ ಅತ್ತ ಓಡಿದರು.

"ಬೆಳೆಯುತ್ತೆ ಅಂದ್ರು. ಏನು ಬೆಳೆಯುತ್ತೆ?" ಮನೆಗೆ ಬಂದವರೇ ಹೆಂಡತಿಯನ್ನು ಕೇಳಿದರು.

"ಕಾಲಿಗೆ ಹಚ್ಚಿದ್ರೆ ಕಾಲು ಬೆಳೆಯುತ್ತೆ, ಇನ್ನೇನು ಮೂಗು ಬೆಳೆಯುತ್ತಾ?" ಎಂದು ಆಕೆ ತಮಾಷೆ ಮಾಡಿದರು.

ಇಂಚುಪಟ್ಟಿ ಅದನ್ನೇ ನಿಜವೆಂದು ನಂಬಿದರು. ಅಂದಿನಿಂದ ಊಟ ತಪ್ಪಿದರೂ ಪಾದ ಅಳೆಯುವುದು ತಪ್ಪಲಿಲ್ಲ. ಬ್ಯಾಂಡೇಜಿನ ಸಮೇತ ಅಳೆದರೆ ಪಾದ ದೊಡ್ಡದಾಗದೆ ಇರುತ್ತದೆಯೇ? ಎಡಗಾಲು ಬಲಗಾಲನ್ನು ಹಿಂದೆ ಹಾಕುತ್ತಿದೆ ಎಂದು ನಂಬಿ, ಮುಂದೆ ಬೇಕಾದೀತೆಂದು ಒಂದು ಬೂಟು ಹೊಲಿದರು. ದೋಣಿಯಷ್ಟು ಅಗಲ, ಒಳಗೆ ದಪ್ಪ ಸ್ಪಂಜು. ಗಾಯಕ್ಕೆ ತಗಲದಿರಲೆಂದು ಹಿಮ್ಮಡಿಯ ಜಾಗದಲ್ಲಿ ಗುಳಿ.

ಬೆಳೆಯುವ ಮುಲಾಮಿನ ಸುದ್ದಿ ಬಾಮೈದನ ಕಿವಿಗೆ ಬಿತ್ತು. ಅವನು ಫೋಟೊಗ್ರಾಫರ್, ಅವನ ಬೋಳುತಲೆಯಲ್ಲಿ ದೀಪದ ಬೆಳಕು ಹೊಳೆದು ಮಕ್ಕಳೆಲ್ಲ ಫೋಟೊದಲ್ಲಿ ಕಣ್ಣು ಕಿರಿದು ಮಾಡಿರುತ್ತಿದ್ದರು.

"ಭಾವ, ಒಂಚೂರು ಕೊಡಿ. ತಲೆಗೆ ಹಚ್ಕೊಂಡು ನೋಡ್ತೀನಿ."

ಇಂಚುಪಟ್ಟಿ ಧಾರಾಳವಾಗಿ ಕೊಟ್ಟರು. ಅವನ ತಲೆಯಲ್ಲಿ ಬೆಳೆ ಬಂದರೆ ತಮ್ಮ ಕಾಲಿನ ಗತಿಯೇನೆಂದು ತಿಳಿದುಹೋಗುತ್ತದಲ್ಲ!

ಟ್ಯೂಬು ಬೇಗ ಖಾಲಿಯಾಯಿತು. ಗಂಡ, ಹೆಂಡತಿ, ಬಾಮೈದ ಮೂವರೂ ಆಸ್ಪತ್ರೆಗೆ ಹೋದರು. ಡಾಕ್ಟರಮ್ಮ ಟ್ಯೂಬು ಹಿಂಡಿ ನೋಡಿ, "ಇಷ್ಟು ಬೇಗ ಮುಗೀತಾ? ತಿಂದ್ರಾ?" ಎಂದರು.

ಇಂಚುಪಟ್ಟಿ ಇದ್ದದ್ದನ್ನು ಇದ್ದ ಹಾಗೆ ಒಪ್ಪಿಸಿದರು. ಡಾಕ್ಟರಮ್ಮ ನಗು ತಡೆಯಲಾರದೆ ಕುರ್ಚಿ ಹಿಡಿದುಕೊಂಡರು.

"ಯಜಮಾನ್ರೇ, ಬೆಳೆಯೋದು ಕಾಲಲ್ಲ, ಗಾಯದ ಒಳಗಿನ ಹೊಸ ಚರ್ಮ. ಗಾಯ ಆದ್ರೆ ನಮ್ಮ ಮೈಯೇ 'ಇಲ್ಲಿ ಹಳ್ಳ ಬಿದ್ದಿದೆ, ಬಂದು ತುಂಬಿ' ಅಂತ ಜೀವಕೋಶಗಳನ್ನ ಕೂಗುತ್ತೆ. ಆ ಕೂಗೇ ಗ್ರೋತ್ ಫ್ಯಾಕ್ಟರ್. ನಿಮ್ಮ ಗಾಯದಲ್ಲಿ ಆ ಕೂಗು ಅಡಗಿಹೋಗಿದೆ, ಅದಕ್ಕೇ ಹೊರಗಿಂದ ಹಚ್ಚೋದು. ಹಳ್ಳ ತುಂಬಿದ ಮೇಲೆ ಎಲ್ಲ ಸುಮ್ಮನಾಗ್ತವೆ. ಮೇಲೆ ಮಹಡಿ ಕಟ್ಟೋಕೆ ಕೂರಲ್ಲ."

"ಹಾಗಾದ್ರೆ ನನ್ನ ತಲೆ?" ಬಾಮೈದ ಮುಂದೆ ಬಾಗಿದ.

"ತಲೇಲಿ ಗಾಯ ಇದೆಯಾ?"

"ಇಲ್ಲ."

"ಮನೆಗೆ ಹೋದ ಮೇಲೆ ಆಗುತ್ತೆ ಬಿಡಿ" ಎಂದು ಅವನ ಅಕ್ಕ ಹಲ್ಲು ಕಡಿದರು.

ಒಬ್ಬರ ಮದ್ದನ್ನು ಇನ್ನೊಬ್ಬರು ಮುಟ್ಟಬಾರದೆಂದು ಡಾಕ್ಟರಮ್ಮ ಇಬ್ಬರನ್ನೂ ಚೆನ್ನಾಗಿ ಬೈದರು. ಆಮೇಲೆ ಅವರ ಕಣ್ಣು ಇಂಚುಪಟ್ಟಿ ಹಾಕಿಕೊಂಡು ಬಂದು ಕಳಚಿಟ್ಟಿದ್ದ ಆ ದೋಣಿ ಬೂಟಿನ ಮೇಲೆ ಬಿತ್ತು. ಎತ್ತಿ ತಿರುಗಿಸಿ, ಗುಳಿಯೊಳಗೆ ಬೆರಳಿಟ್ಟು ನೋಡಿದರು.

"ಹಿಮ್ಮಡಿ ಮೇಲೆ ಭಾರವೇ ಬೀಳಲ್ಲ! ಎಷ್ಟೇ ಮದ್ದು ಹಚ್ಚಿದ್ರೂ ಗಾಯ ತುಳೀತಾ ಇದ್ರೆ ಮಾಯಲ್ಲ. ಇಂಥದ್ದೇ ಬೇಕಾಗಿತ್ತು. ನಮ್ಮ ರೋಗಿಗಳಿಗೂ ಮಾಡಿಕೊಡ್ತೀರಾ?"

ಇಂಚುಪಟ್ಟಿ ಉಬ್ಬಿಹೋದರು.

ಹೊಸ ಟ್ಯೂಬು ಹೆಂಡತಿಯ ಬೀಗದ ಕಪಾಟು ಸೇರಿತು. ಗಾಯ ಅಂಚಿನಿಂದ ಒಳಕ್ಕೆ ನಿಧಾನವಾಗಿ ಕುಗ್ಗುತ್ತಾ ಬಂದು, ಒಂದು ಬೆಳಿಗ್ಗೆ ನೋಡಿದರೆ ಎಳೆಮಗುವಿನ ಕೆನ್ನೆಯಂಥ ಗುಲಾಬಿ ಚರ್ಮ. ಇಂಚುಪಟ್ಟಿಗೆ ಕಣ್ಣು ತುಂಬಿತು. ಅಂಗಡಿಗೆ ಬಂದವರಿಗೆಲ್ಲ ಕಾಲೆತ್ತಿ ತೋರಿಸಿದರು. ಮನೆಗೆ ನೆಂಟರು ಬಂದು ಊಟಕ್ಕೆ ಕೂತಾಗ ತಟ್ಟೆಗಳ ನಡುವೆ ಕಾಲೆತ್ತಲು ಹೋದದ್ದಕ್ಕೆ ಮಾತ್ರ ಹೆಂಡತಿ ಸೌಟು ಬೀಸಿದರು.