ನೀರಿಲ್ಲದ ಓಣಿಯಲ್ಲಿ ಜೆಟ್ ಬೋಟು

ಗಂಡ ಮೈಲಾರಿ ಕೈಯಲ್ಲಿನ ರೊಟ್ಟಿಯನ್ನು ಮರೆತು ಮಾತಾಡಿದ ದಿನವೇ ದಾಕ್ಷಾಯಿಣಿ ಮನಸ್ಸಿನೊಳಗೆ ಆ ಬೋಟನ್ನು ಕೊಂಡುಬಿಟ್ಟಿದ್ದಳು.

ಹುಬ್ಬಳ್ಳಿಯ ಗಿರಣಿಯೊಂದರಲ್ಲಿ ಅವನು ಫಿಟ್ಟರ್ ಆಗಿದ್ದ. ಆಗೆಲ್ಲ ಮನೆಗೆ ಬಂದವನೇ ಯಾವ ಯಂತ್ರ ಎಲ್ಲಿ ಸಿಕ್ಕಿಕೊಂಡಿತು, ತಾನು ಹೇಗೆ ಬಿಡಿಸಿದೆ ಎಂದು ತಾಟು, ಚಮಚ, ಉಪ್ಪಿನ ಡಬ್ಬಿ ಜೋಡಿಸಿ ತೋರಿಸುತ್ತಿದ್ದ. ಅವಳಿಗೆ ಅರ್ಧವೂ ತಿಳಿಯುತ್ತಿರಲಿಲ್ಲ. ಒಲೆಯ ಮುಂದೆ ಕೂತು ಕೇಳುವುದು ಮಾತ್ರ ಬೇಕಾಗಿತ್ತು. ಗಿರಣಿ ಮುಚ್ಚಿದ ಮೇಲೆ ಅಮ್ಮಿನಬಾವಿಯ ಮನೆಗೆ ಬಂದು ಊರವರ ಪಂಪಸೆಟ್ ರಿಪೇರಿ ಹಿಡಿದ. ಹೊಟ್ಟೆಬಟ್ಟೆಗೇನೂ ಕೊರತೆ ಬೀಳಲಿಲ್ಲ. ಆದರೆ ಮಾತು ಬತ್ತಿಹೋಯಿತು. ಕೇಳಿದ್ದಕ್ಕೆ ‘ಹೂಂ’, ಇಲ್ಲವೇ ‘ಊಂಹೂಂ’. ಮಕ್ಕಳು ಕೂಡ ಅಪ್ಪನಿಗೆ ಹೇಳಬೇಕಾದುದನ್ನು ಅವ್ವನ ಕಿವಿಗೇ ಹಾಕಲು ಕಲಿತುಬಿಟ್ಟಿದ್ದವು.

ಅಂಥವನು ಬೇರಿಂಗ್ ತರಲು ಹುಬ್ಬಳ್ಳಿಗೆ ಹೋದಾಗ, ದೇಶಪಾಂಡೆ ನಗರದ ಹಿಂದಿನ ಓಣಿಯಲ್ಲಿ, ಗುಲಾಬಸಾಬನ ಗ್ಯಾರೇಜಿನಲ್ಲಿ ಹಳೆಯದೊಂದು ಜೆಟ್ ಬೋಟು ಕಂಡು ಬಂದಿದ್ದ. ಗೋವೆಯ ಯಾವುದೋ ಹೊಟೇಲಿನವರು ಹರಾಜು ಹಾಕಿದ್ದು.

"ಇದಕ್ಕ ಹೊರಗ ಪಂಖಾನ ಇಲ್ಲ ನೋಡು ದಾಕ್ಷಾ. ಹೊಟ್ಟಿ ಒಳಗ ಐತಿ. ಕೆಳಗಿಂದ ನೀರ ಎಳಕೊಂತೈತಿ, ಹಿಂದಕ್ಕ ಉಗಳತೈತಿ. ಆ ಉಗುಳಿಗೇ ಬೋಟು ಮುಂದಕ್ಕ!" ಎಂದು ಸಾರಿನ ಬಟ್ಟಲಲ್ಲಿ ಸೌಟು ತಿರುಗಿಸಿ ತೋರಿಸಿದ. ಸಾರು ಚೆಲ್ಲಿತು. ಅವಳು ಒರೆಸಲಿಲ್ಲ. ಉಣಕಲ್ಲ ಕೆರೆಯಲ್ಲಿ ಮಕ್ಕಳನ್ನು ಕೂಡಿಸಿ ಸುತ್ತು ಹಾಕಿಸಿದರೆ ಎಂಥ ಛಲೋ ಧಂಧೆ ಆದೀತು, ಕೆರೆಯ ಗುತ್ತಿಗೆದಾರ ಆಗಲೇ ಒಪ್ಪಿದ್ದಾನೆ ಎಂದ. "ನೀನೂ ಬಾ ನೋಡಾಕ" ಎಂದೂ ಅಂದ. ಅವನು ಅವಳನ್ನು ಎಲ್ಲಿಗಾದರೂ ಕರೆದು ಎಷ್ಟು ಕಾಲವಾಗಿತ್ತೋ.

ರವಿವಾರ ಮಕ್ಕಳನ್ನು ಅತ್ತೆಯ ಹತ್ತಿರ ಬಿಟ್ಟು ಇಬ್ಬರೂ ಸ್ಕೂಟರಿನಲ್ಲಿ ಬಂದರು. ಬೇವಿನ ಗಿಡದ ಕೆಳಗೆ, ಎರಡು ಟೆಂಪೊಗಳ ನಡುವೆ, ಬಣ್ಣ ಮಾಸಿದ ಹಳದಿ ಬೋಟು ಟ್ರೇಲರಿನ ಮೇಲೆ ಕೂತಿತ್ತು. ಮೈಲಾರಿ ಅಂಗಿ ತೋಳು ಮಡಚಿ ಅದರ ಕೆಳಗೆ ಅಂಗಾತ ಮಲಗಿದ. ನೀರು ಎಳೆದುಕೊಳ್ಳುವ ಬಾಯಿಯ ಜಾಳಿಗೆಯೊಳಗೆ ಬೆರಳು ತೂರಿಸಿ ಪಂಖದ ಅಂಚು ಸವೆದಿದೆಯೇ ಎಂದು ಸವರಿದ. ಎದ್ದು ಎಂಜಿನ್ನಿನ ಎಣ್ಣೆ ಕಡ್ಡಿ ಎಳೆದು ಬಿಸಿಲಿಗೆ ಹಿಡಿದ. ಒಳಗೆ ನೀರು ಹೊಕ್ಕಿದ್ದರೆ ಎಣ್ಣೆ ಮಜ್ಜಿಗೆಯ ಬಣ್ಣಕ್ಕೆ ತಿರುಗುತ್ತದಂತೆ. ಇದು ಜೇನಿನಂತೆ ಇತ್ತು.

"ಸಂತ್ಯಾಗ ಎತ್ತ ನೋಡಿದಂಗ ನೋಡಾಕತ್ತಿಯಲ್ಲೋ ಮಾರಾಯಾ. ಇನ್ನ ಹಲ್ಲ ಎಣಿಸೂದೊಂದ ಬಾಕಿ" ಎಂದ ಗುಲಾಬಸಾಬ.

"ಎತ್ತ ಆಗಿದ್ರ ನೋಡೂದ ಬ್ಯಾಡಾಗಿತ್ತು ಕಾಕಾ. ಅದು ಹುಲ್ಲ ತಿಂತೈತಿ. ನಿಮ್ಮದು ಪೆಟ್ರೋಲ ಕುಡಿತೈತಿ!"

ಗಂಡನ ಬಾಯಿಂದ ಚೇಷ್ಟೆಯ ಮಾತು! ದಾಕ್ಷಾಯಿಣಿ ಸೆರಗಿನ ಮರೆಯಲ್ಲಿ ನಕ್ಕಳು.

ಇನ್ನು ಎಂಜಿನ್ ಚಾಲೂ ಮಾಡಿ ನೋಡಬೇಕು. ಅದಕ್ಕೆ ಪೈಪಿನಿಂದ ನೀರು ಉಣಿಸುತ್ತಲೇ ಇರಬೇಕು, ಇಲ್ಲದಿದ್ದರೆ ಸುಟ್ಟುಹೋಗುತ್ತದೆ. ನೀರು ಎಂದದ್ದೇ ತಡ, ಗುಲಾಬಸಾಬನ ಹೆಂಡತಿ ನೂರಜಹಾನ ಒಳಗಿನಿಂದ ಹೊರಟೇ ಬಂದಳು.

"ನಳ ಬಂದು ವಾರ ಆಗಾಕ ಬಂತು. ಮಂದಿ ಕುಡಿಯಾಕ ನೀರಿಲ್ಲ, ಇವರ ಜಹಾಜಕ್ಕ ಬೇಕಂತ!"

"ಒಂದ ಬ್ಯಾರಲ್ಲ ಕೊಡಽ. ಗಿರಾಕಿ ಬಂದಾರ" ಎಂದ ಗುಲಾಬಸಾಬ.

"ಗಿರಾಕಿ ನೀರ ಹೊತ್ಕೊಂಡ ಬಂದಾರೇನ?"

ಕೊನೆಗೆ ಒಂದು ಕರಾರಿನ ಮೇಲೆ ಒಪ್ಪಿದಳು: ಬೋಟಿನ ಹಿಂದಿನಿಂದ ಬೀಳುವ ನೀರನ್ನು ಒಂದು ಹನಿ ಬಿಡದೆ ಹಿಡಿದು ಕೊಡಬೇಕು, ಪಾಯಖಾನೆಗಾದರೂ ಆದೀತು.

ಗಂಡಸರು ಬ್ಯಾರಲ್ ಉರುಳಿಸಲು ಹೋದರು. ಹೋಗುವಾಗ ಮೈಲಾರಿ, "ಏರಿ ಕುಂಡ್ರ ದಾಕ್ಷಾ, ಹೆಂಗನಸತೈತಿ ನೋಡು" ಎಂದು ಕೈಕೊಟ್ಟು ಹತ್ತಿಸಿದ.

ಅವಳು ಕೂತಳು. ಕೆರೆಯ ನಡುವೆ ಕೂತಂತೆ, ಅವನು ಮುಂದೆ ಚುಕ್ಕಾಣಿಯ ಚಕ್ರ ಹಿಡಿದು ಹಿಂದೆ ತಿರುಗಿ ತಿರುಗಿ ಮಾತಾಡಿದಂತೆ ಅನ್ನಿಸಿತು. ಸುಮ್ಮನೆ ಕೂತ ಕೈ ತನ್ನಷ್ಟಕ್ಕೆ ಬೆರಳು ಮಡಚಿ ಬೋಟಿನ ತಳವನ್ನು ಬಡಿಯಿತು. ಕುಂಬಾರರ ಹತ್ತಿರ ಕೊಡ ಕೊಳ್ಳುವ ಹೆಂಗಸಿನ ಕೈ ಅದು. ಬಡಿಯದೆ ಏನನ್ನೂ ಒಪ್ಪುವುದಿಲ್ಲ. ಮುಂದುಗಡೆ ಠಣ್ ಎಂದಿತು. ಸೀಟಿನ ಪಕ್ಕದಲ್ಲಿ ದಬ್ ಎಂದಿತು. ಅವಳು ಮತ್ತೆ ಬಡಿದಳು. ದಬ್. ಹಿಮ್ಮಡಿಯಿಂದ ಒತ್ತಿದಳು. ಗಟ್ಟಿಯಾಗಿ ಕಾಣುವ ತಳ ಒಂದಿಷ್ಟು ಒಳಗೆ ಹೋಗಿ ಮೇಲೆ ಬಂತು.

ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು. ಬ್ಯಾರಲ್ ಉರುಳಿಸಿ ತರುತ್ತಿದ್ದ ಗಂಡ ಏನೋ ಹೇಳಿ ಗುಲಾಬಸಾಬನನ್ನು ನಗಿಸುತ್ತಿದ್ದ. ಆ ನಗುವಿಗೆ ಹೇಗೆ ಅಡ್ಡ ಬರುವುದು? ಅವಳು ಸುಮ್ಮನೆ ಕೆಳಗಿಳಿದು ನೂರಜಹಾನಳ ಪಕ್ಕದಲ್ಲಿ ನೀರು ಹಿಡಿಯುವ ತಗಡಿನ ಬುಟ್ಟಿಯೊಂದಿಗೆ ನಿಂತಳು.

ಎಂಜಿನ್ ಎರಡು ಸಲ ಕೆಮ್ಮಿ ಹೊತ್ತಿಕೊಂಡಿತು. ಓಣಿಯ ಕಾಗೆಗಳು ಹಾರಿದವು. ಮೈಲಾರಿ ಕಣ್ಣು ಮುಚ್ಚಿ ಸಂಗೀತ ಕೇಳುವವರಂತೆ ಕಿವಿಗೊಟ್ಟ. "ಕೇಳಿಲ್ಲಿ, ಕೇಳಿಲ್ಲಿ, ಒಂದ ತಪ್ಪ ಬಡಿತ ಇಲ್ಲ!" ಬಿಸಿನೀರು ಬುಟ್ಟಿಗೆ ಬೀಳುತ್ತಿತ್ತು. "ತಂಗೀ, ನೀರ ಹೊರಗ ಹೊಂಟೈತಿ, ಬುಟ್ಟಿ ಸರಸು" ಎಂದು ನೂರಜಹಾನ ಒದರಿದಾಗಲೇ ಅವಳಿಗೆ ಎಚ್ಚರ. ಅವಳು ಗಂಡನ ಮುಖವನ್ನೇ ನೋಡುತ್ತಿದ್ದಳು. ಎಷ್ಟು ಹೊತ್ತು ನೋಡಿದರೂ ಸಾಲದೆನ್ನಿಸುವ ಮುಖ.

ನೀರು ತೀರಿತು. ಎಂಜಿನ್ ಆರಿಸಿದರು. ಮೈಲಾರಿ ಕೈ ಒರೆಸಿಕೊಳ್ಳುತ್ತ ಬಂದ. "ಏನಂತಿ? ಮಾತ ಕೊಟ್ಟಬಿಡಲೇನು?"

ಹೂಂ ಎಂದರೆ ಮುಗಿದಿತ್ತು. ಮನೆಯಲ್ಲಿ ಮಾತು ಇರುತ್ತಿತ್ತು. ಆದರೆ ಆ ತಳದ ಮೇಲೆ ಯಾರದೋ ಕೂಸುಗಳು ಕೂಡುವವು. ಅವನ್ನು ಕರೆದೊಯ್ಯುವವನು ಇವನೇ.

"ರೀ, ಇಲ್ಲೊಂದೀಟ ಬಡದ ನೋಡ್ರಿ" ಎಂದಳು. ಸೀಟಿನ ಪಕ್ಕದ ತಳಕ್ಕೆ ಬೆರಳು ಮಾಡಿದಳು. "ದನಿ ಒಡಕೈತಿ."

ಅವನು ಬಡಿದ. ಮೊಣಕಾಲೂರಿ ಕೂತು ಮತ್ತೆ ಬಡಿದ. ಸೀಟಿನ ಕೆಳಗಿನ ತಿರುಪು ಬಿಚ್ಚಿ ತೂತಿನಲ್ಲಿ ಸ್ಕ್ರೂಡ್ರೈವರ್ ಒತ್ತಿದ. ಅದು ಹಿಡಿಯ ತನಕ ಇಳಿಯಿತು. ಹೊರಗೆಳೆದಾಗ ಕಪ್ಪಗೆ ಕೊಳೆತ ಹಸಿ ಕಟ್ಟಿಗೆಯ ಪುಡಿ ಅಂಟಿತ್ತು.

"ಅಲ್ಲಾನ ಆಣಿ, ನನಗ ಗೊತ್ತಿರಲಿಲ್ಲೋ" ಎಂದ ಗುಲಾಬಸಾಬ. "ರೇಟ ಇಳಸೋಣು."

"ಮಂದಿ ಮಕ್ಕಳನ್ನ ಕುಂಡ್ರಸೂದೈತಿ ಕಾಕಾ. ಬ್ಯಾಡ್ರಿ." ಮೈಲಾರಿ ತಿರುಪನ್ನು ಇದ್ದಲ್ಲೇ ಬಿಗಿದು ಎದ್ದ. ನೂರಜಹಾನ ಕೊಟ್ಟ ಚಹಾವನ್ನು ನಿಂತಲ್ಲೇ ಕುಡಿದು ಸ್ಕೂಟರಿನತ್ತ ನಡೆದ.

ಸ್ಕೂಟರು ಹೊರಟಿತು. ದಾಕ್ಷಾಯಿಣಿ ಹಿಂದೆ ಕೂತು ಅವನ ಬೆನ್ನು ನೋಡುತ್ತಿದ್ದಳು. ಅವನ ಮಾತಿಗೆ ತಾನೇ ಕೈಯಾರೆ ಬಾಗಿಲು ಹಾಕಿದೆನಲ್ಲ ಎನ್ನಿಸಿತು. ಉಣಕಲ್ಲ ಕೆರೆ ಬಂತು, ಸಂಜೆಯ ಬಿಸಿಲಿನಲ್ಲಿ ನೀರು ಹೊಳೆಯಿತು. ಅವನು ಅತ್ತ ತಿರುಗಲಿಲ್ಲ. ಕೆರೆ ಹಿಂದಾಯಿತು. ನವನಗರವೂ ಹಿಂದಾಯಿತು.

ಧಾರವಾಡ ದಾಟುವಾಗ ಅವನ ತಲೆ ಸ್ವಲ್ಪ ಓರೆಯಾಯಿತು.

"ನೀರ ಮೇಲಿಂದ ಹೊಕ್ಕೈತಿ. ತಳದಿಂದಲ್ಲ."

"ಆಂ?"

"ತಿರಪಿನ ತೂತಿಗೆ ಯಾಂವನೂ ಮೇಣ ಹಚ್ಚಿಲ್ಲ. ಮಳಿ ನೀರ ಇಳದ ಇಳದ ಕಟ್ಟಿಗಿ ತಿಂದೈತಿ. ಎಂಜಿನ್ ಅಂತೂ ಬಂಗಾರ. ನಾ ಆಗಿದ್ರ ಮೊದಲ ಆ ಸೀಟ ಕಿತ್ತು..."

ಗಾಳಿ ಅರ್ಧ ಮಾತು ಒಯ್ಯುತ್ತಿತ್ತು. ಅವಳು ಮುಂದೆ ಬಾಗಿ ಅವನ ಹೆಗಲ ಹತ್ತಿರ ಕಿವಿ ತಂದಳು. ಬೋಟು ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನಾಳೆ ಬೆಳಗಾದರೆ ಮತ್ತೆ ‘ಹೂಂ’ ಆದೀತು ಎಂಬುದೂ ಅವಳಿಗೆ ಗೊತ್ತಿತ್ತು. ಆದರೆ ಅವನು ಎಡಗೈ ಬಿಟ್ಟು ಗಾಳಿಯಲ್ಲಿ ಹಲಗೆ ಕತ್ತರಿಸಿ ತೋರಿಸುತ್ತಿದ್ದ. ದೂರದಲ್ಲಿ ಅಮ್ಮಿನಬಾವಿಯ ದೀಪಗಳು ಕಂಡವು.

"ಸಾವಕಾಶ ಹೊಡೀರಿ" ಎಂದಳು. "ಗಾಳಿಗೆ ಕೇಳಸವಲ್ದು."

ಅವನು ವೇಗ ಇಳಿಸಿದ.

"ಇನ್ನೊಂದೀಟ" ಎಂದಳು.