ಏ.ಸಿ. ಪಾಯಿಂಟ್ ಇಲ್ಲದ ಕೋಣೆ

ದಟ್ಟಗಳ್ಳಿಯಲ್ಲಿ ಮನೆ ಕಟ್ಟಿಸುತ್ತಿದ್ದ ಸಿದ್ದರಾಜುವಿಗೆ ಇದ್ದದ್ದು ಒಂದೇ ಹಂಬಲ: ಗೃಹಪ್ರವೇಶದ ದಿನವೇ ಅವ್ವನನ್ನು ಕರೆತಂದು ಜೊತೆಯಲ್ಲಿಟ್ಟುಕೊಳ್ಳಬೇಕು. ಅವ್ವ ದೇವಿರಮ್ಮ ಬಹಳ ವರ್ಷಗಳಿಂದ ಬೋಗಾದಿಯಲ್ಲಿ ಮಗಳು ವಾಣಿಯ ಮನೆಯಲ್ಲಿದ್ದಳು. ಗಂಡುಮಗನಿದ್ದೂ ತಾಯಿ ಅಳಿಯನ ಮನೆಯಲ್ಲಿ ಉಣ್ಣುವುದನ್ನು ನೆಂಟರು ಪ್ರತಿ ಮದುವೆಯಲ್ಲೂ ಪಾಯಸದ ಜೊತೆ ನೆನೆಸಿಕೊಳ್ಳುತ್ತಿದ್ದರು. ಗೋಗರೆದು ಗೋಗರೆದು ಅವಳನ್ನು ಒಪ್ಪಿಸಿದ್ದಾಗಿತ್ತು. "ಮೊದ್ಲು ನನ್ ರೂಮ್ ತೋರ್ಸ್ಲಾ" ಅಂದಿದ್ದಳು.

ತೋರಿಸಲು ಕರೆತಂದ ದಿನವೇ ಎಲೆಕ್ಟ್ರಿಷಿಯನ್ ಸಂಜಯ್ ಪಾಯಿಂಟುಗಳ ಗುರುತು ಹಾಕಲು ಬಂದಿದ್ದ. ಪ್ಲಾಸ್ಟರಿಂಗಿಗೆ ಮೊದಲೇ ಆಗಬೇಕಾದ ಕೆಲಸ ಅದು. ಏ.ಸಿ.ಗೆ ಮೇನ್ ಬೋರ್ಡಿನಿಂದ ಬೇರೆಯದೇ ದಪ್ಪ ವೈರು ಬರಬೇಕು. ಆಮೇಲೆ ಬೇಕೆಂದರೆ ಗೋಡೆ ಒಡೆಯಬೇಕು. ದೇವಿರಮ್ಮ ಅಡುಗೆಮನೆ ನೋಡುತ್ತಿದ್ದಾಗ ಸಿದ್ದರಾಜು, ಸಂಜಯ್ ಇಬ್ಬರೂ ಕೋಣೆ ಕೋಣೆ ಸುತ್ತಿದರು. ಸಿದ್ದರಾಜುವಿನ ಕೋಣೆಗೆ ಕಿಟಕಿಯ ಮೇಲೊಂದು. ಮಗಳು ಗಗನಳ ಕೋಣೆಯದು, ಗಾಳಿ ನೇರ ತಲೆಗೆ ಬಡಿದರೆ ಹುಡುಗಿಗೆ ಶೀತ ಎಂದು ದೊಡ್ಡ ಚರ್ಚೆಯಾಗಿ, ಬೀರುವಿನ ಪಕ್ಕಕ್ಕೆ ಸರಿಯಿತು. ಇನ್ನೂ ಯಾರೆಂದೇ ಗೊತ್ತಿಲ್ಲದ ಅತಿಥಿಗಳಿಗೂ ಒಂದು.

"ಹಿಂದಿನ್ ರೂಮ್ಗೆ ಸಾರ್?"

ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವ ಸಿದ್ದರಾಜು ಮುಂದಾಲೋಚನೆಯನ್ನು ದೊಡ್ಡ ಗುಣವೆಂದು ತಿಳಿದವನು. "ಅದಕ್ಬೇಡ ಬುಡಪ್ಪ. ಅವ್ವಂಗೆ ಫ್ಯಾನ್ ಗಾಳೀನೇ ಜಾಸ್ತಿ. ಆಮೇಲ್ ಎಂಗಿದ್ರೂ ಸ್ಟೋರ್ ಮಾಡ್ಕೊಳೋದೇ."

ವೈರ್ ಎಳೆಯುವವರು ತಪ್ಪಬಾರದೆಂದು ಪ್ರತಿ ಕೋಣೆಯ ಬಾಗಿಲ ಪಕ್ಕ ವಿವರ ಬರೆಯುವುದು ಸಂಜಯ್‌ನ ಪದ್ಧತಿ. ಕೇಳಿದ್ದನ್ನು ಕೇಳಿದಂತೆ ಸೀಮೆಸುಣ್ಣದಲ್ಲಿ ದಪ್ಪಗೆ ಬರೆದ: ಅವ್ವ. ಆಮೇಲೆ ಸ್ಟೋರ್. ಏ.ಸಿ. ಇಲ್ಲ.

ದೇವಿರಮ್ಮ ಮೂರನೇ ಕ್ಲಾಸು ಓದಿದವಳು. ಕಲಿತದ್ದು ಮರೆತುಹೋಗಬಾರದೆಂದು ಬಸ್ಸಿನ ಬೋರ್ಡು, ಹೋಟೆಲಿನ ಹೆಸರು, ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದುವುದು ಅವಳ ಅಭ್ಯಾಸ.

"ಅ...ವ್ವ" ಎಂದು ಬೆನ್ನ ಹಿಂದೆ ಕೇಳಿಸಿ ಸಿದ್ದರಾಜು ತಿರುಗಿದ. ಮೊದಲ ಪದಕ್ಕೆ ಅವಳ ಮುಖ ಅರಳಿತ್ತು. "ಆ...ಮೇಲೆ..." ಅವನು ಕೈ ಎತ್ತಿದ; ಓದುವವಳ ಬಾಯಿ ಮುಚ್ಚುವುದು ಹೇಗೆ? ಕೊನೆಯ ಅಕ್ಷರದವರೆಗೂ ಓದಿ ಮುಗಿಸಿದಳು. ಸಂಜಯ್ ಟೇಪು ಬಿಚ್ಚಿ, ಅಳೆಯಲೇನೂ ಇಲ್ಲದ ಮೂಲೆಯೊಂದನ್ನು ಅಳೆಯತೊಡಗಿದ.

ಸಿದ್ದರಾಜು ಅಂಗೈಯಿಂದ ಗೋಡೆ ಉಜ್ಜಿದ. ಒರಟು ಇಟ್ಟಿಗೆಯ ಮೇಲೆ ಬರಹ ಹೋಗಲಿಲ್ಲ, ಕೈ ತರಚಿತು. "ಅದು... ಈ ಸಂಜಯ ಏನೋ ಬರ್ದ್ಬುಟ್ಟವ್ನೆ ಕಣವ್ವ. ಇಲ್ಲೂ ಹಾಕ್ತಾನೆ. ಸಂಜಯ, ಹಾಕಪ್ಪ!"

"ಆ ಹುಡ್ಗುನ್ ಮ್ಯಾಲ್ ಯಾಕ್ಲಾ ಎತ್ತಾಕ್ತೀಯ? ಅವನ್ಗೇನ್ ಗೊತ್ತು ನನ್ ವಿಚಾರ?"

ಸಿದ್ದರಾಜು ಸುಣ್ಣ ಮೆತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ತಪ್ಪಾಯ್ತು ಕಣವ್ವ."

"ನಂಗ್ ಏ.ಸಿ. ಆಗಕಿಲ್ಲ, ಅದ್ ನೀನ್ ಸರ್ಯಾಗೇ ಯೋಳಿದ್ದೀಯ." ಅವಳ ದನಿಯಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. "ಗೃಹಪ್ರವೇಶಕ್ಕೆ ಬತ್ತೀನಿ, ಉಂಡ್ಕೊಂಡು ವಾಣಿ ಜೊತೇಲೇ ಒಂಟೋಯ್ತೀನಿ. ನೆಂಟ್ರು ಕೇಳುದ್ರೆ, ಅವ್ವನೇ ಒಲ್ಲೆ ಅಂದ್ಲು ಅನ್ನು."

ಮಗನಿಗೆ ಬೇಕಾದ ಸುಳ್ಳನ್ನೂ ಒದಗಿಸಿಕೊಟ್ಟು ಅವಳು ಕಾರಿನ ಕಡೆ ನಡೆದಳು.

ಸಂಜಯ್ ಗಂಟಲು ಸರಿಮಾಡಿಕೊಂಡ. "ಪಾಯಿಂಟ್ ಯಾವ ಗೋಡೇಗ್ ಕೊಡ್ಲಿ ಸಾರ್? ಅಮ್ಮಾವ್ರು ಯಾವ ಕಡೆ ತಲೆ ಹಾಕ್ಕೊಂಡು ಮಲ್ಗ್ತಾರೆ?"

ಸಿದ್ದರಾಜು ನಾಲ್ಕೂ ಗೋಡೆಗಳನ್ನು ನೋಡಿದ. ಅವನಿಗೆ ಗೊತ್ತಿರಲಿಲ್ಲ.