ಪತ್ರೆ ಗಿಡದ ಬುಡದ ನೀರು

ಸಿದ್ದಗಂಗಮ್ಮ ಬೆಳಿಗ್ಗೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಪೂಜೆಯ ನೀರನ್ನು ಅಂಗಳದ ಮೂಲೆಯ ಪತ್ರೆ ಗಿಡದ ಬುಡಕ್ಕೆ ಸುರಿಯುತ್ತಿದ್ದರು. ಅದರ ಹಿಂದೆಯೇ ಗಿಡಕ್ಕೆಂದು ಒಂದು ಬಕೆಟ್ ನೀರು ಹಾಕುತ್ತಿದ್ದರು. ಪೂಜೆಯ ನೀರನ್ನು ತುಳಿಯಬಾರದು. ತುಮಕೂರಿನ ಶೆಟ್ಟಿಹಳ್ಳಿಯ ಆ ಮನೆಯಲ್ಲಿ ಯಾರ ಕಾಲೂ ಬೀಳದ ಜಾಗ ಅದೊಂದೇ ಇತ್ತು. ಗಿಡದ ಪಕ್ಕದಲ್ಲೇ, ಇಟ್ಟಿಗೆಯ ಸಣ್ಣ ಕಟ್ಟೆಯೊಳಗೆ, ಮನೆಯ ಅರ್ತಿಂಗ್ ಗುಂಡಿ ಇತ್ತು.

ಮನೆ ಕಟ್ಟಿಸುವಾಗ ಅವರ ಗಂಡ ಅಲ್ಲಿ ಆಳವಾಗಿ ತೋಡಿಸಿ, ಕಬ್ಬಿಣದ ಪೈಪು ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿಸಿದ್ದರು. ಮನೆಯ ಯಾವುದೇ ಉಪಕರಣದ ಲೋಹದ ಮೈಗೆ ಕರೆಂಟು ಸೋರಿದರೆ ಅದು ಮನುಷ್ಯರ ಮೈಯಲ್ಲಿ ಹಾಯದೆ ಈ ಪೈಪಿನಿಂದ ನೆಲಕ್ಕೆ ಇಳಿಯಬೇಕು. ಹಾಗೆ ಇಳಿಯಲು ಮಣ್ಣು ತೇವವಾಗಿರಬೇಕು. ಗಂಡ ತೀರಿಕೊಂಡ ಮೇಲೆ ಗುಂಡಿಗೆ ನೀರು ಹಾಕಬೇಕೆಂಬುದನ್ನು ಮನೆಯವರೆಲ್ಲ ಮರೆತರು. ಗಿಡಕ್ಕೆ ನೀರು ಬೀಳುತ್ತಿದ್ದುದರಿಂದ ಮಾತ್ರ ಗುಂಡಿ ಒಣಗದೆ ಉಳಿದಿತ್ತು. ಇದು ಸಿದ್ದಗಂಗಮ್ಮನವರಿಗೂ ಗೊತ್ತಿರಲಿಲ್ಲ.

ಮಗ ಮಲ್ಲಿಕಾರ್ಜುನ್ ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಸೂಪರ್‌ವೈಸರ್. ರಿಪೇರಿಗೆ ಕೈ ಹಾಕುವ ಮೊದಲು ಮೇನ್ ಆಫ್ ಮಾಡಿ, ಬೀಗ ಹಾಕಿ, ಕೆಂಪು ಚೀಟಿ ಕಟ್ಟಬೇಕು ಎಂದು ಹೊಸಬರಿಗೆ ಕಲಿಸುವುದು ಅವನ ಕೆಲಸಗಳಲ್ಲಿ ಒಂದು. ಕಳೆದ ದೀಪಾವಳಿಯ ಹೊತ್ತಿಗೆ ಅವನು ಕ್ರಿಪ್ಟೊ ಎಂಬ ಡಿಜಿಟಲ್ ನಾಣ್ಯ ಗಳಿಸಲು ಮೈನ್ ಮಾಡುವ ಆರು ಹಳೆಯ ಕಂಪ್ಯೂಟರ್ ಯಂತ್ರಗಳನ್ನು ತಂದು ಮಹಡಿಯ ಕೋಣೆಯಲ್ಲಿ ಜೋಡಿಸಿದ. ಹಗಲೂ ರಾತ್ರಿ ಅವು ಓಡಬೇಕು. ಫ್ಯಾನುಗಳ ಸದ್ದು ಅಡುಗೆಮನೆಯವರೆಗೆ ಕೇಳುತ್ತಿತ್ತು.

"ಅದೇನ್ಲಾ ಮಲ್ಲಿ ಅರೆಯೋದು ನಿನ್ ಮಿಷನ್ನು? ಹಿಟ್ಟೂ ಬೀಳಲ್ಲ, ಖಾರದ ಪುಡಿನೂ ಬೀಳಲ್ಲ," ಎಂದು ತಾಯಿ ಕೇಳಿದ್ದರು.

"ಲೆಕ್ಕ ಮಾಡ್ತವೆ ಕಣವ್ವ."

"ಯಾರ್ದು ಲೆಕ್ಕ?"

ಮಲ್ಲಿಕಾರ್ಜುನ್ ಸ್ವಲ್ಪ ಯೋಚಿಸಿ, "ಯಾರ್ದೂ ಅಲ್ಲ," ಎಂದ.

"ಅದ್ಕೇ ಮುಗಿಯಂಗಿಲ್ಲ ಬುಡು," ಎಂದು ಅವರು ಒಳಗೆ ಹೋದರು.

ಬೆಂಕಿಯ ಬಗ್ಗೆ ಅವನು ಬಹಳ ಯೋಚಿಸಿದ್ದ. ದಪ್ಪ ತಂತಿ ಎಳೆದ, ಕರೆಂಟು ಮಿತಿಮೀರಿ ಹರಿದರೆ ತಾನೇ ಬೀಳುವ ಎಂಸಿಬಿ ಸ್ವಿಚ್ಚನ್ನು ಒಂದೊಂದು ಯಂತ್ರಕ್ಕೂ ಬೇರೆಯಾಗಿ ಹಾಕಿದ, ಬಿಸಿ ಗಾಳಿ ಹೋಗಲು ಕಿಟಕಿ ಕಿತ್ತು ದೊಡ್ಡ ಫ್ಯಾನು ಕೂರಿಸಿದ, ಬಾಗಿಲ ಬಳಿ ಬೆಂಕಿ ಆರಿಸುವ ಸಿಲಿಂಡರ್ ನೇತುಹಾಕಿದ. ಬಂದ ತೊಂದರೆ ಬೇರೆ ಥರದ್ದು. ಮೇನ್ ಬೋರ್ಡಿನ ಇಎಲ್‌ಸಿಬಿ ಮತ್ತೆಮತ್ತೆ ಬೀಳತೊಡಗಿತು. ಮನೆಯಿಂದ ಎಲ್ಲಾದರೂ ಸ್ವಲ್ಪವೇ ಕರೆಂಟು ಸೋರಿದರೂ ಕ್ಷಣದಲ್ಲಿ ಎಲ್ಲವನ್ನೂ ಆರಿಸಿ ಜೀವ ಉಳಿಸುವ ಸಾಧನ ಅದು. ಇಂಥ ಯಂತ್ರಗಳ ಪವರ್ ಸಪ್ಲೈಗಳು ಸರಿಯಾಗಿದ್ದಾಗಲೂ ಅತ್ಯಲ್ಪ ಸೋರುತ್ತವೆ. ಆರು ಸೇರಿದಾಗ ಆ ಅಲ್ಪವೇ ಸಾಕಾಗುತ್ತಿತ್ತು.

ಫ್ರಿಜ್ಜಿನ ಹಾಲು ಒಡೆಯಿತು. ವಾಷಿಂಗ್ ಮೆಷಿನ್ ಅರ್ಧಕ್ಕೆ ನಿಂತಿತು. "ಏನಾದ್ರೂ ಮಾಡ್ರೀ, ಹಿಂಗೇ ಆದ್ರೆ ಕಾಡಲ್ಲಿದ್ದಂಗೆ," ಎಂದು ಹೆಂಡತಿ ರೂಪಶ್ರೀ ರೇಗಿದಳು. ಒಂದು ಭಾನುವಾರ ಅವನು ಬೋರ್ಡು ಬಿಚ್ಚಿ, ಇಎಲ್‌ಸಿಬಿಯನ್ನು ಬಿಟ್ಟು ತಂತಿಗಳನ್ನು ನೇರವಾಗಿ ಸೇರಿಸಿ, ಮುಚ್ಚಳ ಹಾಕಿದ. ಹೊರಗಿನಿಂದ ನೋಡಿದರೆ ಎಲ್ಲ ಮೊದಲಿನಂತೆಯೇ ಇತ್ತು. ಆಮೇಲೆ ಹಾಗೆ ಕರೆಂಟು ಹೋಗಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಕಾರು ನಿಲ್ಲಿಸಲೆಂದು ಅಂಗಳಕ್ಕೆ ಟೈಲ್ಸ್ ಹಾಕಿಸಿದರು. ಪತ್ರೆ ಗಿಡ ಹೋಯಿತು, ಇಟ್ಟಿಗೆಯ ಕಟ್ಟೆಯೂ ಹೋಯಿತು. ಸಿದ್ದಗಂಗಮ್ಮ ಒಂದು ದಿನ ಮಾತು ಬಿಟ್ಟರು. ಮಗ ಒಂದು ಪತ್ರೆ ಸಸಿ ತಂದು ತಾರಸಿಯ ಮೇಲೆ ಸಿಮೆಂಟಿನ ಕುಂಡದಲ್ಲಿ ನೆಟ್ಟ. ಮಂಡಿನೋವಿನಿಂದ ಅವರಿಗೆ ಮೆಟ್ಟಿಲು ಹತ್ತಲಾಗದು. ಪೂಜೆಯ ನೀರನ್ನು ಸೊಸೆಯೇ ಮೇಲೆ ಒಯ್ದು ಕುಂಡಕ್ಕೆ ಹಾಕುತ್ತಿದ್ದಳು. ಟೈಲ್ಸಿನ ಕೆಳಗಿನ ಮಣ್ಣು ಮೆಲ್ಲಗೆ ಒಣಗಿತು.

ಬೇಸಿಗೆ ಶುರುವಾಗುವ ಹೊತ್ತಿಗೆ ಸಿದ್ದಗಂಗಮ್ಮ, "ಬೆಳಿಗ್ಗೆ ಹೊತ್ತು ಕೈ ಜುಂ ಅಂತದೆ ಕಣೇ ರೂಪಾ," ಎಂದರು.

ರೂಪಶ್ರೀ ಗುಬ್ಬಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ಬಿ.ಎಸ್ಸಿ. ಓದಿದವಳು. ಅತ್ತೆಯ ಸಕ್ಕರೆ ಕಾಯಿಲೆಯ ಏರಿಳಿತ ಅವಳಿಗೆ ಬಾಯಿಪಾಠ. ಸಕ್ಕರೆ ಕಾಯಿಲೆ ಹಳೆಯದಾದಂತೆ ಕೈಕಾಲಿನ ನರ ಸೋತು ಜುಮ್ಮೆನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ. ಅವಳೇ ರಕ್ತ ತೆಗೆದುಕೊಂಡು ಹೋಗಿ ನೋಡಿದಳು. ಸಕ್ಕರೆ ಹೆಚ್ಚಿತ್ತು. ಡಾಕ್ಟರೂ ಅದನ್ನೇ ಹೇಳಿ ನರಕ್ಕೆ ಮಾತ್ರೆ ಬರೆದರು. ಎಷ್ಟು ದಿನದಿಂದ, ಯಾವ ಹೊತ್ತಿನಲ್ಲಿ, ಎರಡೂ ಕೈಯೋ ಒಂದೇ ಕೈಯೋ ಎಂದು ಎಲ್ಲ ಕೇಳಿದರು. ಜುಮ್ಮೆನ್ನುವಾಗ ಕೈ ಎಲ್ಲಿರುತ್ತದೆ ಎಂದು ಯಾರೂ ಕೇಳಲಿಲ್ಲ.

ಕೈ ಬಚ್ಚಲಿನ ನಲ್ಲಿಯ ಮೇಲಿರುತ್ತಿತ್ತು. ಮಹಡಿಯ ಯಂತ್ರಗಳಿಂದ ಸೋರಿದ ಕರೆಂಟಿಗೆ ಒಣಗಿದ ಗುಂಡಿಯಲ್ಲಿ ಇಳಿಯಲು ದಾರಿ ಸಿಗದೆ, ಅದು ಅರ್ತ್ ತಂತಿಯಲ್ಲೇ ನಿಂತಿತ್ತು. ಅದೇ ತಂತಿ ಗೀಸರಿನ ಮೈಗೂ ಹೋಗಿತ್ತು. ಗೀಸರಿನಿಂದ ಕಬ್ಬಿಣದ ಪೈಪಿಗೆ, ಪೈಪಿನಿಂದ ಹಿತ್ತಾಳೆಯ ನಲ್ಲಿಗೆ. ಗೀಸರಿನ ಸ್ವಿಚ್ ಆರಿಸಿಯೇ ಎಲ್ಲರೂ ಸ್ನಾನ ಮಾಡುತ್ತಿದ್ದರು. ಆದರೆ ಅರ್ತ್ ತಂತಿಗೆ ಸ್ವಿಚ್ ಇರುವುದಿಲ್ಲ. ಮಗ ಸೊಸೆ ಇಬ್ಬರೂ ಬಚ್ಚಲಲ್ಲಿ ರಬ್ಬರ್ ಚಪ್ಪಲಿ ಹಾಕುವವರು. ಪೂಜೆಗೆ ನೀರು ಹಿಡಿಯುವವರು ಚಪ್ಪಲಿ ಮೆಟ್ಟುತ್ತಾರೆಯೇ? ಸಿದ್ದಗಂಗಮ್ಮ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು, ತಾಮ್ರದ ಚೊಂಬನ್ನು ನಲ್ಲಿಗೆ ಹಿಡಿಯುತ್ತಿದ್ದರು.

ಮಾತ್ರೆ ಶುರುವಾದ ವಾರವೇ ಮಗಳು ನೇತ್ರಾವತಿ ಬಂದು ಅವರನ್ನು ಕುಣಿಗಲ್ ಕಡೆಯ ತನ್ನೂರು ಅಮೃತೂರಿಗೆ ಕರೆದುಕೊಂಡು ಹೋದಳು. ಅಲ್ಲಿಂದ ಫೋನು ಮಾಡಿದಾಗ ಸಿದ್ದಗಂಗಮ್ಮನವರ ದನಿಯೇ ಬೇರೆಯಾಗಿತ್ತು. "ಒಂದಿನಾನೂ ಜುಂ ಅಂದಿಲ್ಲ ಕಣೇ. ನಿಮ್ ಡಾಕ್ಟ್ರು ಪರವಾಗಿಲ್ಲ."

ರೂಪಶ್ರೀಗೆ ಸಮಾಧಾನವಾಯಿತು. ಮಾತ್ರೆ ಕೆಲಸ ಮಾಡುತ್ತಿತ್ತು. ಊರು ಬದಲಾದದ್ದೂ ಮಾತ್ರೆ ಶುರುವಾದದ್ದೂ ಒಂದೇ ವಾರ. ಎರಡರಲ್ಲಿ ಯಾವುದು ಕಾರಣವೆಂದು ಬೇರೆ ಮಾಡಿ ನೋಡಬೇಕೆಂಬುದು ಅವಳು ಕಾಲೇಜಿನಲ್ಲಿ ಕಲಿತ ಮೊದಲ ಪಾಠಗಳಲ್ಲೊಂದು. ಆದರೆ ಅತ್ತೆ ಅವಳಿಗೆ ಪ್ರಯೋಗವಾಗಿರಲಿಲ್ಲ.

ಅವರು ತುಮಕೂರಿಗೆ ಮರಳಿದ ಮಾರನೆಯ ಬೆಳಿಗ್ಗೆಯೇ ಕೈ ಮತ್ತೆ ಜುಮ್ಮೆಂದಿತು.

"ಅಲ್ಲಿ ಮಾತ್ರೆ ಬಿಟ್ಟಿದ್ರಿ ಅಲ್ವಾ?" ರೂಪಶ್ರೀ ಕೇಳಿದಳು.

"ಇಲ್ಲ ಕಣೇ, ನಿನ್ನಾಣೆಗೂ."

"ನೇತ್ರಾ ಹೋಳಿಗೆ ಮಾಡಿರ್ತಾಳೆ, ನೀವು ತಿಂದಿರ್ತೀರಿ. ನನ್ ಹತ್ರ ಸುಳ್ಳು ಹೇಳಿದ್ರೂ ರಕ್ತ ಹೇಳುತ್ತೆ."

ಸಿದ್ದಗಂಗಮ್ಮ ಸಿಕ್ಕಿಬಿದ್ದವರಂತೆ ನಕ್ಕರು. ಹೋಳಿಗೆ ತಿಂದದ್ದು ನಿಜವಾಗಿತ್ತು. ಅಂದಿನಿಂದ ಕೈ ಜುಮ್ಮೆಂದರೆ ಅದು ತಮ್ಮದೇ ತಪ್ಪು ಎಂದುಕೊಂಡರು. ಹೇಳುವುದನ್ನೂ ಕಡಿಮೆ ಮಾಡಿದರು.

ಒಮ್ಮೆ ಮಾತ್ರ ಹೇಳಿದರು. ಅದೂ ತಮಾಷೆಗೆ. ಲೈನಿನ ಕೆಲಸವೆಂದು ಬೆಳಿಗ್ಗೆಯಿಂದಲೇ ಬಡಾವಣೆಗೆಲ್ಲ ಕರೆಂಟು ತೆಗೆದಿದ್ದರು. ಮಹಡಿ ಮೌನವಾಗಿತ್ತು. ಪೂಜೆ ಮುಗಿಸಿ ಬಂದು ಉಪ್ಪಿಟ್ಟಿಗೆ ಕೂತವರು, "ಇವತ್ತು ಕರೆಂಟೂ ಇಲ್ಲ, ನನ್ ಸಕ್ಕರೆ ಕಾಯಿಲೆನೂ ಇಲ್ಲ. ಎರಡೂ ಜೊತೆಲೇ ಎಲ್ಲಿಗೋ ಹೋಗವೆ," ಎಂದರು.

"ಬಿಲ್ ಕಟ್ಟಿಲ್ಲ ಅಂತ ಎರಡನ್ನೂ ಕಿತ್ಕೊಂಡೋಗವ್ರೆ ಬುಡವ್ವ," ಎಂದ ಮಲ್ಲಿಕಾರ್ಜುನ್. ಯಂತ್ರಗಳು ನಿಂತಿದ್ದಕ್ಕೆ ಅವನ ಕಣ್ಣು ಫೋನಿನ ಮೇಲೆಯೇ ಇತ್ತು. ರೂಪಶ್ರೀ ಗುಬ್ಬಿಯ ಬಸ್ಸಿಗೆ ಓಡುವ ಅವಸರದಲ್ಲಿದ್ದಳು. ಮೂವರೂ ನಕ್ಕರು.

ಯುಗಾದಿ ಕಳೆದು ಮೊದಲ ಮಳೆ ಬಿತ್ತು. ರಾತ್ರಿಯಿಡೀ ಗಾಳಿ ಸಹಿತ ಜೋರು ಮಳೆ. ಅಂಗಳಕ್ಕೆ ಬಿದ್ದ ನೀರು ಟೈಲ್ಸಿನ ಮೇಲೆ ಜಾರಿ ರಸ್ತೆಯ ಚರಂಡಿಗೆ ಹೋಯಿತು. ಗುಂಡಿಗೆ ಒಂದು ಹನಿಯೂ ಇಳಿಯಲಿಲ್ಲ. ಮಹಡಿಯಲ್ಲಿ ಎರಚಲು ಕಿಟಕಿಯ ಫ್ಯಾನಿನ ಸಂದಿಯಿಂದ ಒಳಗೆ ಬಂತು. ಅಂಚಿನಲ್ಲಿದ್ದ ಯಂತ್ರದ ಪವರ್ ಸಪ್ಲೈಯಲ್ಲಿ ತಿಂಗಳುಗಟ್ಟಲೆ ಕೂತ ಧೂಳು ಆ ತೇವ ಹೀರಿತು. ಬೆಳಗಿನ ಯಾವುದೋ ಹೊತ್ತಿನಲ್ಲಿ ಒಳಗಿನ ಕರೆಂಟು ಆ ಧೂಳಿನ ಮೇಲೆ ಹಾದು ಯಂತ್ರದ ಮೈಗೆ ಬಂದು ಸೇರಿತು. ಗುಂಡಿ ತೇವವಾಗಿದ್ದರೆ ಕರೆಂಟು ರಭಸದಿಂದ ನೆಲಕ್ಕೆ ನುಗ್ಗಿ ಎಂಸಿಬಿ ಬೀಳುತ್ತಿತ್ತು. ಒಣನೆಲದಲ್ಲಿ ಅಷ್ಟು ಹರಿಯಲಿಲ್ಲ. ಇಎಲ್‌ಸಿಬಿಯನ್ನು ತಪ್ಪಿಸದೆ ಇದ್ದಿದ್ದರೆ ಅದಾದರೂ ಬೀಳುತ್ತಿತ್ತು. ಸೋರಿದ ಕರೆಂಟು ಪೂರ್ತಿ ಬಲದಲ್ಲಿ ಬಚ್ಚಲಿನ ನಲ್ಲಿಯಲ್ಲಿ ಕಾದು ನಿಂತಿತು.

ರೂಪಶ್ರೀ ಬುತ್ತಿ ಕಟ್ಟುತ್ತಿದ್ದಾಗ ಚೊಂಬು ಬಿದ್ದ ಸದ್ದು ಕೇಳಿಸಿತು. ಕೂಗಿದಳು. ಉತ್ತರ ಬರಲಿಲ್ಲ.

ಆಸ್ಪತ್ರೆ ಮುಟ್ಟುವ ಹೊತ್ತಿಗೆ ಏನೂ ಉಳಿದಿರಲಿಲ್ಲ. ಡ್ಯೂಟಿ ಡಾಕ್ಟರು ವಯಸ್ಸು ಕೇಳಿದರು, ಕಾಯಿಲೆ ಕೇಳಿದರು. ಸಕ್ಕರೆ ಕಾಯಿಲೆ ಎಂದವಳು ರೂಪಶ್ರೀಯೇ. ನರ ಸೋತಿದೆ ಎಂದೂ ಸೇರಿಸಿದಳು. ಇಂಥವರಲ್ಲಿ ಹೃದಯ ನೋವಿಲ್ಲದೆಯೇ ನಿಂತುಬಿಡುತ್ತದೆ ಎಂದು ಹೇಳಿ ಅವರು ಬರೆದುಕೊಟ್ಟರು.

ಮಧ್ಯಾಹ್ನ ಅಮೃತೂರಿನಿಂದ ನೇತ್ರಾವತಿ ಬಂದಳು. ಗದ್ದುಗೆಯಲ್ಲಿ ಕೂರಿಸುವ ಮೊದಲು ಶವಕ್ಕೆ ಸ್ನಾನವಾಗಬೇಕು. ಅಂಗಳದಲ್ಲಿ ಮಣೆ ಹಾಕಿದರು. ನೇತ್ರಾವತಿ ತಾಯಿಯ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಒರೆಸುತ್ತಾ, ಹೆಬ್ಬೆರಳಿನ ಬುಡದಲ್ಲಿದ್ದ ಒಂದು ಸಣ್ಣ ಬಿಳಿಚಿದ ಗುಳಿಯನ್ನು ನೋಡಿದಳು. ಚರ್ಮ ಅಲ್ಲಿ ಮೇಣದಂತೆ ಗಟ್ಟಿಯಾಗಿತ್ತು.

"ಅತ್ತಿಗೆ, ಅವ್ವ ಕೈ ಸುಟ್ಕೊಂಡಿತ್ತಾ?"

"ಇಲ್ವಲ್ಲ," ಎಂದಳು ರೂಪಶ್ರೀ. ಹತ್ತಿರ ಬಂದು ನೋಡಿದಳು. ಅದು ಎಣ್ಣೆ ಸಿಡಿದ ಗುರುತಲ್ಲ.

ನೇತ್ರಾವತಿ ಇನ್ನೊಂದು ಕೊಡ ನೀರಿಗೆಂದು ಬರಿಗಾಲಲ್ಲಿ ಬಚ್ಚಲಿಗೆ ಹೋದಳು. ಹೋದವಳು ಬಾಗಿಲಿಗೆ ಮರಳಿ ಬಂದು ಕೈ ಕೊಡವಿಕೊಳ್ಳುತ್ತಿದ್ದಳು. "ಇದೇನ್ ಅತ್ತಿಗೆ, ಈ ನಲ್ಲಿ ಮುಟ್ಟಿದ್ರೆ ಕೈ ಜುಂ ಅಂತದೆ."

ನೇತ್ರಾವತಿಗೆ ಸಕ್ಕರೆ ಕಾಯಿಲೆ ಇರಲಿಲ್ಲ.

ರೂಪಶ್ರೀ ನಲ್ಲಿಯ ಕಡೆ ನೋಡಿದಳು. ಕರೆಂಟಿಲ್ಲದ ದಿನದ ಆ ತಮಾಷೆಯ ಮಾತು, ಅಮೃತೂರಿನ ಫೋನು, ಹೋಳಿಗೆಗೆ ತಾನು ಗದರಿದ್ದು ಎಲ್ಲವೂ ಒಂದರ ಹಿಂದೆ ಒಂದು ತಮ್ಮ ಜಾಗಕ್ಕೆ ಬಂದು ಕೂತವು. "ಅದನ್ನ ಮುಟ್ಬೇಡ. ಯಾರೂ ಮುಟ್ಬೇಡಿ. ಪಕ್ಕದ ಮನೆಯಿಂದ ನೀರು ತನ್ನಿ," ಎಂದು ಹೇಳಿ ಮೆಟ್ಟಿಲು ಹತ್ತಿದಳು.

ಮಹಡಿಯ ಕೋಣೆಯಲ್ಲಿ ಐದು ಯಂತ್ರಗಳು ಮೊರೆಯುತ್ತಿದ್ದವು. ಕಿಟಕಿಯ ಅಂಚಿನ ಆರನೆಯದು ನಿಂತಿತ್ತು. ಅದರ ಪ್ಲಗ್ ಕಿತ್ತು ವೈರನ್ನು ಅಚ್ಚುಕಟ್ಟಾಗಿ ಸುತ್ತಿಡಲಾಗಿತ್ತು. ಕೋಣೆಯಲ್ಲಿ ಸುಟ್ಟ ವಾಸನೆ ಇತ್ತು. ಮಲ್ಲಿಕಾರ್ಜುನ್ ಗೋಡೆಗೆ ಒರಗಿ ಕೂತಿದ್ದ.

"ಇದನ್ನ ಯಾರು ತೆಗ್ದಿದ್ದು?"

"ನಾನೇ. ಆಸ್ಪತ್ರೆಯಿಂದ ಬಂದ್ಮೇಲೆ." ಅವನು ತಲೆ ಎತ್ತಲಿಲ್ಲ. "ಫೋನಲ್ಲಿ ಒಂದು ಆಫ್‌ಲೈನ್ ತೋರಿಸ್ತಿತ್ತು. ಬಂದು ನೋಡ್ದೆ. ಒಳಗೆಲ್ಲ ಕರಗೋಗಿದೆ."

"ನೋಡಿದ್ಮೇಲೆ ಗೊತ್ತಾಯ್ತಾ?"

ಕಾರ್ಖಾನೆಯಲ್ಲಿ ಇಂಥದನ್ನು ಹೊಸಬರಿಗೆ ಚಿತ್ರ ಬರೆದು ತೋರಿಸುವವನು ಅವನು.

"ಗೊತ್ತಾಗಿ ಉಳಿದ ಐದನ್ನ ಓಡಕ್ಕೆ ಬಿಟ್ಟಿದೀರಾ?"

"ಆಫ್ ಮಾಡಿದ್ರೆ ಎಲ್ರೂ ಯಾಕೆ ಅಂತ ಕೇಳ್ತಾರೆ, ರೂಪಾ."

ರೂಪಶ್ರೀ ಕೆಳಗಿಳಿದು ಮೇನ್ ಬೋರ್ಡಿನ ದೊಡ್ಡ ಸ್ವಿಚ್ಚನ್ನು ಕೆಳಗೆ ಎಳೆದಳು. ಮಹಡಿಯ ಸದ್ದು ಇಳಿಯುತ್ತಾ ಇಳಿಯುತ್ತಾ ನಿಂತಿತು. ಅಂಗಳದಲ್ಲಿ ಅಳುತ್ತಿದ್ದವರೂ ಒಂದು ಗಳಿಗೆ ಸುಮ್ಮನಾದರು. ಆ ಮನೆಯಲ್ಲಿ ಅಷ್ಟು ಹೊತ್ತೂ ಒಂದು ಸದ್ದು ಇತ್ತೆಂಬುದು ಅವರಿಗೆ ಆಗ ತಿಳಿಯಿತು.

ಮಲ್ಲಿಕಾರ್ಜುನ್ ಮೆಟ್ಟಿಲ ಮಧ್ಯದವರೆಗೆ ಬಂದು ನಿಂತಿದ್ದ. "ಮಣ್ಣಾಗ್ಲಿ. ಆಮೇಲೆ ನಾನೇ ಹೇಳ್ತೀನಿ."

"ಮಣ್ಣಾದ್ಮೇಲೆ ಏನು ಹೇಳಿದ್ರೂ ಅದು ಸಕ್ಕರೆ ಕಾಯಿಲೆನೇ," ಎಂದಳು ಅವಳು. "ಪೋಸ್ಟ್‌ಮಾರ್ಟಂ ಆಗ್ಬೇಕು. ತಪ್ಪನ್ನ ಅವರು ತಿಂದ ಹೋಳಿಗೆ ಮೇಲೆ ನಾನು ಹಾಕಿದ್ದೆ. ಆ ತಪ್ಪು ಹೊರಿಸಿ ಅವರನ್ನ ಹಂಗೇ ಕಳಿಸಕ್ಕಾಗಲ್ಲ."

ಅವನು ಮೆಟ್ಟಿಲ ಮೇಲೆಯೇ ಕೂತುಬಿಟ್ಟ. ನೇತ್ರಾವತಿ ಪಕ್ಕದ ಮನೆಯ ಕೊಡ ಹೊತ್ತು ಒಳಗೆ ಬಂದಳು. ಅತ್ತಿಗೆಯ ಮುಖ ನೋಡಿದಳು, ಅಣ್ಣನ ಮುಖ ನೋಡಿದಳು, ಕೊಡ ಕೆಳಗಿಟ್ಟಳು.

"ಏನಾಯ್ತಣ್ಣ? ಕರೆಂಟ್ ಯಾಕೆ ಹೋಯ್ತು?"

ರೂಪಶ್ರೀ ಗಂಡನ ಕಡೆಗೆ ತಿರುಗಿ ಕಾದಳು. ಅಂಗಳದ ಬಿಸಿಲಲ್ಲಿ ಸಿದ್ದಗಂಗಮ್ಮನವರ ಮೈಮೇಲಿನ ನೀರು ಟೈಲ್ಸಿನ ಮೇಲೆ ಇಳಿದು, ಹಿಂದೆ ಪತ್ರೆ ಗಿಡವಿದ್ದ ಮೂಲೆಯನ್ನು ದಾಟಿ, ರಸ್ತೆಯ ಕಡೆಗೆ ಹರಿಯುತ್ತಿತ್ತು.

"ಹೋಗಿಲ್ಲ ನೇತ್ರಾ," ಎಂದ ಮಲ್ಲಿಕಾರ್ಜುನ್. "ತೆಗ್ದಿದೀವಿ. ಕೂತ್ಕೋ."